ಅಕ್ಕನ ಎರಡು ತಾರೀಕು

ನಮ್ಮ ಅಕ್ಕನಿಗೆ ಹುಟ್ಟಿದ ದಿನಗಳು ಎರಡು. ಹುಟ್ಟಿದ್ದು ಕೊಪ್ಪದಲ್ಲಿ, ಜನನ ದಾಖಲೆಯಲ್ಲಿ 1952ರ ಜೂನ್ 1 ಎಂದಿದೆ. ಓದಿದ್ದು ನರಸಿಂಹರಾಜಪುರದ ಅಜ್ಜನ ಮನೆಯಲ್ಲಿದ್ದುಕೊಂಡು. ಶಾಲೆಯ ಸರ್ಟಿಫಿಕೇಟಿನಲ್ಲಿ ಮೇ 31. ಮದುವೆಯಾಗಿ ಶೃಂಗೇರಿಗೆ ಹೋದವಳು ಎರಡನ್ನೂ ಒಂದೇ ಟ್ರಂಕಿನಲ್ಲಿಟ್ಟುಕೊಂಡು ಸುಖವಾಗಿಯೇ ಇದ್ದಳು. ಭಾವ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ ಆ ಒಂದು ದಿನ ಅಡ್ಡಬಂತು. ತಾರೀಕು ತಾಳೆಯಾಗದೆ ಹಣವಿಲ್ಲ ಎಂದರು. "ನಾನು ಹುಟ್ಟಿದ್ದಕ್ಕೂ ಸಾಕ್ಷಿ ಬೇಕಾ ಮಾರಾಯ?" ಎಂದಳು ಅಕ್ಕ.

ಉತ್ತರ ಜಾತಕದಲ್ಲಿತ್ತು. ನಂದನ ಸಂವತ್ಸರ, ಜ್ಯೇಷ್ಠ ಶುಕ್ಲಪಕ್ಷ, ಶನಿವಾರ, ಸೂರ್ಯೋದಯದಿಂದ 50 ಘಳಿಗೆ, ಕೊಪ್ಪ ಎಂದು ಜೋಯಿಸರು ಬರೆದಿದ್ದರು. ಘಳಿಗೆಗೆ 24 ನಿಮಿಷದಂತೆ 50 ಘಳಿಗೆ ಎಂದರೆ 20 ಗಂಟೆ. ಆ ಕಾಲದಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆರರ ಆಸುಪಾಸಿಗೆ. ಅಂದರೆ ಅಕ್ಕ ಹುಟ್ಟಿದ್ದು ರಾತ್ರಿ ಎರಡು ಗಂಟೆಯ ಹೊತ್ತಿಗೆ. ಪಂಚಾಂಗದ ಶನಿವಾರ ಮರುದಿನದ ಸೂರ್ಯೋದಯದವರೆಗೂ ಇರುತ್ತದೆ. ಇಂಗ್ಲಿಷ್ ಕ್ಯಾಲೆಂಡರಿನದು ನಡುರಾತ್ರಿಗೇ ಮುಗಿಯುತ್ತದೆ. ಶಾಲೆಗೆ ಸೇರಿಸುವಾಗ ಯಾರೋ ವಾರವನ್ನಷ್ಟೇ ನೋಡಿ ಮೇ 31 ಎಂದು ಬರೆಸಿದ್ದರು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗ ಇದನ್ನು ಕೇಳಿ ನಕ್ಕ. "ನಮ್ಮಲ್ಲೂ ಇದೇ ಗೋಳು ಮಾವ" ಎಂದ. ಯೂನಿಕ್ಸ್ ಯಂತ್ರದಲ್ಲಿ ಸಿ ಭಾಷೆಯ ಪ್ರೋಗ್ರಾಂ 1970ರ ಜನವರಿ 1ರ ಗ್ರೀನಿಚ್ ನಡುರಾತ್ರಿಯಿಂದ ಸೆಕೆಂಡುಗಳನ್ನು ಎಣಿಸುತ್ತದಂತೆ. ಜಾವಾ ಭಾಷೆಯೂ ಅಲ್ಲಿಂದಲೇ ಎಣಿಸುತ್ತದೆ, ಆದರೆ ಮಿಲಿಸೆಕೆಂಡಿನಲ್ಲಿ. ಅಕ್ಕನ ಜೂನ್ 1, ನಮ್ಮ ನಡುರಾತ್ರಿಯ ಲೆಕ್ಕದಲ್ಲಿ, ಋಣ 55,49,67,000 ಸೆಕೆಂಡು. ಆ ಅಂಕಿಯನ್ನು ಹಾಗೆಯೇ ಜಾವಾಕ್ಕೆ ಕೊಟ್ಟರೆ ಅಕ್ಕ 1969ರ ಡಿಸೆಂಬರ್ 25ಕ್ಕೆ ಹುಟ್ಟಿದಂತಾಗುತ್ತದೆ! ಸಾವಿರದಿಂದ ಗುಣಿಸಿ ಕೊಟ್ಟರೂ ಗಂಡಾಂತರ ತಪ್ಪಲಿಲ್ಲ. ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು. ನಮ್ಮ ಜೂನ್ 1ರ ನಡುರಾತ್ರಿ ಅಲ್ಲಿ ಮೇ 31ರ ಸಂಜೆ ಆರೂವರೆ. ಅಲ್ಲಿನ ಗಂಟೆಯಲ್ಲಿ ಓದುವ ಪ್ರೋಗ್ರಾಂ ಮೇ 31 ಎಂದೇ ಅಚ್ಚು ಹಾಕುತ್ತದೆ. ನರಸಿಂಹರಾಜಪುರದ ಶಾಲೆಯೂ ಗ್ರೀನಿಚ್ಚೂ ಒಂದೇ ತಾರೀಕಿಗೆ ಬಂದು ನಿಂತವು!

ಇದಕ್ಕೆ ಮದ್ದೇನು ಎಂದು ಕೇಳಿದೆ. ಹುಟ್ಟಿದ ದಿನವನ್ನು ಬರೀ ದಿನವಾಗಿಯೇ ದಾಟಿಸಬೇಕು, ಅದಕ್ಕೆ ಇಲ್ಲದ ಗಂಟೆಯನ್ನು ಅಂಟಿಸಬಾರದು. ಗಂಟೆ ಬೇಕೇ ಬೇಕೆಂದರೆ ಅದು ಯಾವ ಊರಿನದೆಂದೂ ಬರೆಯಬೇಕು ಎಂದ.

ಅಫಿಡವಿಟ್ಟು, ಜಾತಕದ ನಕಲು ಕೊಟ್ಟ ಮೇಲೆ ಅಕ್ಕನ ಪಿಂಚಣಿ ಬಂತು. ಜೋಯಿಸರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಆದರೆ ಎಣಿಕೆ ಎಲ್ಲಿಂದ, ಅಳತೆ ಯಾವುದು, ಊರು ಯಾವುದು ಎಂಬ ಮೂರನ್ನೂ ಅವರು ಬಿಡದೆ ಬರೆದಿದ್ದರು. ಬರೀ ಅಂಕಿ ಬರೆದಿದ್ದರೆ ಅದನ್ನು ಇಷ್ಟು ವರ್ಷಗಳ ಮೇಲೆ ಬಿಡಿಸಿ ಹೇಳುವವರು ಯಾರಿದ್ದರು?