ಕೊಳ್ಳುವವರ ಹಕ್ಕು: ಒಂದು ಇಯರ್‌ಫೋನಿನ ನಿಮಿತ್ತವಾಗಿ

ಶಾಲೆಯ ಸ್ಮರಣ ಸಂಚಿಕೆಗೆ ವಿದ್ಯೆ, ಶೀಲ, ಶಿಸ್ತು ಮೊದಲಾದವುಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ನಮಗೆ ರೂಢಿಯಾಗಿದೆ. ಈ ಸಲ ನಾವು ಆರಿಸಿಕೊಂಡ ವಿಷಯವು ಅತ್ಯಲ್ಪವೆಂದು ಕೆಲವರಿಗೆ ತೋರಬಹುದು. ಪೇಟೆಯಲ್ಲಿ ಕೊಂಡು ತಂದ ಇಯರ್‌ಫೋನು ಎರಡು ತಿಂಗಳೊಳಗೆ ಕೆಟ್ಟುಹೋದರೆ ಮಾಡತಕ್ಕದ್ದೇನು ಎಂಬುದೇ ಆ ವಿಷಯ. ಹಳೆಯ ವಿದ್ಯಾರ್ಥಿನಿಯರೂ ಹೆತ್ತವರೂ ತುಸು ತಾಳ್ಮೆಯಿಂದ ಓದಿದರೆ, ವಿದ್ಯೆಯ ಮತ್ತು ಶೀಲದ ಪ್ರಶ್ನೆಯೇ ಇದರಲ್ಲಿಯೂ ಅಡಗಿರುವುದನ್ನು ಕಂಡುಕೊಳ್ಳುವರೆಂದು ನಂಬುತ್ತೇವೆ.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ದೆಸೆಯಿಂದ ಶಾಲೆಗಳ ಬಾಗಿಲು ಮುಚ್ಚಿತಷ್ಟೆ. ಪಾಠಗಳು ಮೊಬೈಲ್ ಫೋನಿನೊಳಗೆ ಹೊಕ್ಕವು. ಹಾಡು ಕೇಳುವವರ ಶೋಕಿಯ ವಸ್ತುವೆಂದು ಎಣಿಸಲ್ಪಟ್ಟಿದ್ದ ಇಯರ್‌ಫೋನು ಆಗ ಪುಸ್ತಕ, ಪೆನ್ಸಿಲುಗಳ ಸಾಲಿಗೆ ಸೇರಿತು. ಒಂದೇ ಕೋಣೆಯ ಮನೆಯಲ್ಲಿ ಅಜ್ಜಿಯ ಕೆಮ್ಮು, ತಮ್ಮನ ಅಳು, ಮಾಡಿನ ಮೇಲೆ ಸುರಿಯುವ ಮಳೆಯ ಸದ್ದು, ಇವುಗಳ ನಡುವೆ ಉಪಾಧ್ಯಾಯಿನಿಯ ಮಾತು ಕಿವಿಗೆ ಬೀಳಬೇಕಾದರೆ ಬೇರೆ ಉಪಾಯವಿರಲಿಲ್ಲ. ಶಾಲೆಗಳು ಪುನಃ ತೆರೆದ ಮೇಲೂ ಆ ವಸ್ತುವು ಮಕ್ಕಳ ಕೈಯಿಂದ ಹೋಗಲಿಲ್ಲ. ಕಠಿಣವಾದ ಪಾಠವನ್ನು ಮನೆಯಲ್ಲಿ ಇನ್ನೊಮ್ಮೆ ಕೇಳುವುದಕ್ಕೂ, ಇಂಗ್ಲಿಷಿನ ಉಚ್ಚಾರಣೆಯನ್ನು ಕಲಿಯುವುದಕ್ಕೂ ಅವರು ಅದನ್ನೇ ಆಶ್ರಯಿಸುತ್ತಾರೆ.

2021ರ ಮಳೆಗಾಲದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದ ತಾಯಿಯೊಬ್ಬರು ಹತ್ತನೆಯ ತರಗತಿಯಲ್ಲಿದ್ದ ತಮ್ಮ ಮಗಳಿಗಾಗಿ 450 ರೂಪಾಯಿ ತೆತ್ತು ಇಯರ್‌ಫೋನೊಂದನ್ನು ಕೊಂಡರು. ಅದು ಅವರ ಕೆಲವು ದಿನಗಳ ದುಡಿಮೆ. ಏಳನೆಯ ವಾರಕ್ಕೆ ಎಡಕಿವಿಯ ತುಂಡು ಮೂಕವಾಯಿತು. ಮತ್ತೆರಡು ದಿನಗಳಲ್ಲಿ ಮೈಕು ಸಹ ಕೆಟ್ಟು, ಪಾಠದ ಹೊತ್ತಿನಲ್ಲಿ ಹುಡುಗಿ ಕೊಟ್ಟ ಉತ್ತರ ಯಾರಿಗೂ ಕೇಳಿಸದಂತಾಯಿತು. ಪೆಟ್ಟಿಗೆಯ ಮೇಲೆ ಒಂದು ವರ್ಷದ ವಾರಂಟಿಯೆಂದು ಅಚ್ಚಾಗಿತ್ತು. ತಾಯಿ ಅಂಗಡಿಗೆ ಹೋದಾಗ, “ತಂತಿಯನ್ನು ನೀವೇ ಎಳೆದಿರಬೇಕು. ವಾರಂಟಿ ಕಂಪೆನಿಯದ್ದು, ನಮ್ಮದಲ್ಲ” ಎಂಬ ಉತ್ತರ ದೊರೆಯಿತು. ಬಿಲ್ಲನ್ನು ಮೊದಲೇ ಕೊಟ್ಟಿರಲಿಲ್ಲ. ಇದನ್ನು ಕೇಳಿ ನಾವು ತಾಯಿಯನ್ನು ವಿಚಾರಿಸಲು, “ಹೋಗಲಿ ಬಿಡಿ ಟೀಚರ್, ಹೋದ ದುಡ್ಡು ಹೋಯಿತು. ಹೆಣ್ಣುಮಗು ಅಂಗಡಿಯವರ ಹತ್ತಿರ ಮಾತಿಗೆ ಮಾತು ಬೆಳೆಸುವುದು ಬೇಡ” ಎಂದರು.

ದುಡ್ಡಿನ ನಷ್ಟಕ್ಕಿಂತಲೂ ಈ ಕೊನೆಯ ಮಾತೇ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿತು. ನ್ಯಾಯವಾಗಿ ಬರತಕ್ಕದ್ದನ್ನು ಕೇಳುವುದು ಜಗಳವೆಂದು ಎಣಿಸುವ ಹುಡುಗಿಯು ನಾಳೆ ಕೂಲಿಯನ್ನು ಕೇಳಲಾರಳು, ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳಲಾರಳು, ಆಸ್ತಿಯ ಪತ್ರಕ್ಕೆ ರುಜು ಹಾಕುವ ಮೊದಲು ಅದನ್ನು ಓದಿಸಿರೆಂದು ಹೇಳಲಾರಳು. ತಾಳ್ಮೆಯು ಸದ್ಗುಣವೇ ಸರಿ. ಆದರೆ ಅನ್ಯಾಯದೆದುರು ಬಾಯಿ ಕಟ್ಟಿಕೊಳ್ಳುವುದಕ್ಕೆ ತಾಳ್ಮೆಯೆಂದು ಹೆಸರಿಡಬಾರದು.

ಹಾಗೆಂದು ವಿಚಾರಿಸದೆ ಅಂಗಡಿಯವರ ಮೇಲೆ ದೋಷ ಹೊರಿಸುವುದೂ ಸಲ್ಲದು. ತಪ್ಪು ಯಾರದೆಂದು ತೀರ್ಮಾನಿಸುವ ಮೊದಲು ವಸ್ತುವಿನ ರಚನೆಯನ್ನು ತಿಳಿಯಬೇಕು. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಕೆಟ್ಟುಹೋದ ಬೇರೊಂದು ಇಯರ್‌ಫೋನನ್ನು ಬಿಚ್ಚಿ ಮಕ್ಕಳಿಗೆ ತೋರಿಸಿದರು. ಅದರೊಳಗೆ ಸಣ್ಣದೊಂದು ಅಯಸ್ಕಾಂತವೂ, ಅತಿ ಸಪುರವಾದ ತಾಮ್ರದ ತಂತಿಯ ಸುರುಳಿಯೂ, ಸುರುಳಿಗೆ ಅಂಟಿಕೊಂಡ ತೆಳ್ಳನೆಯ ಪೊರೆಯೂ ಇದ್ದವು. ಫೋನಿನಿಂದ ಬರುವ ವಿದ್ಯುತ್ತು ಸುರುಳಿಯಲ್ಲಿ ಬದಲಾಗುತ್ತಿರಲು, ಸುರುಳಿಯು ಅಯಸ್ಕಾಂತದ ಬಳಿ ಹಿಂದುಮುಂದಾಗಿ ಅಲುಗುತ್ತದೆ. ಪೊರೆಯು ಅದರೊಡನೆ ಅಲುಗಿ ಗಾಳಿಯನ್ನು ಕದಲಿಸುತ್ತದೆ. ಆ ಕದಲಿಕೆಯೇ ನಮಗೆ ಧ್ವನಿಯಾಗಿ ಕೇಳಿಸುವುದು.

ಸಾಮಾನ್ಯವಾಗಿ ಮೊದಲು ಕೆಡುವುದು ಈ ಭಾಗವಲ್ಲ, ತಂತಿ. ತಂತಿಯಾದರೂ ಎಲ್ಲೆಂದರಲ್ಲಿ ಕೆಡುವುದಿಲ್ಲ. ಫೋನಿಗೆ ಚುಚ್ಚುವ ಪಿನ್ನಿನ ಕುತ್ತಿಗೆಯಲ್ಲಿ, ಎರಡಾಗಿ ಕವಲೊಡೆಯುವಲ್ಲಿ, ಕಿವಿಯ ತುಂಡಿನೊಳಗೆ ಸೇರುವಲ್ಲಿ ಕೆಡುತ್ತದೆ. ಅಲ್ಲಿ ಅದು ದಿನವೂ ನೂರಾರು ಸಲ ಬಾಗುವುದರಿಂದ, ಹೊರಗಿನ ಹೊದಿಕೆ ಇಡಿಯಾಗಿದ್ದಾಗಲೇ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಕುತ್ತಿಗೆಯನ್ನು ಮೆಲ್ಲನೆ ಬಾಗಿಸಿದಾಗ ಧ್ವನಿ ಬಂದು ಹೋದರೆ ತಂತಿಯು ಒಳಗೆ ಮುರಿದಿದೆಯೆಂದು ತಿಳಿಯಬಹುದು. ಬಾಗಿಸಿದರೂ ವ್ಯತ್ಯಾಸವಿಲ್ಲದಿದ್ದರೆ ಇನ್ನೊಂದು ಫೋನಿಗೆ ಹಾಕಿ ನೋಡಬೇಕು. ಕಿವಿಯ ಕೊಳೆಯು ಜಾಲರಿಯನ್ನು ಮುಚ್ಚಿದೆಯೋ ಎಂದು ಒಣಗಿದ ಮೆತ್ತನೆಯ ಬ್ರಶ್ಶಿನಿಂದ ತಿಕ್ಕಿ ಪರೀಕ್ಷಿಸಬೇಕು. ದೂರು ಕೊಡುವ ಮೊದಲು ಈ ಪರೀಕ್ಷೆಗಳನ್ನು ಮಾಡುವುದು ಪ್ರಾಮಾಣಿಕರ ಲಕ್ಷಣ.

ತಂತಿಯು ಮುರಿಯುವ ಸ್ಥಳ ತಯಾರಿಸುವವರಿಗೆ ತಿಳಿಯದ ಗುಟ್ಟೇನೂ ಅಲ್ಲ. ಬಾಗುವೆಡೆಯಲ್ಲಿ ಮೆತ್ತಗಿನ ಉದ್ದನೆಯ ತೊಡಿಗೆಯನ್ನು ಕೂರಿಸಿದರೆ, ಎಳೆತವು ಬೆಸುಗೆಯ ಮೇಲೆ ಬೀಳದಂತೆ ಒಳಗೆ ಗಂಟು ಹಾಕಿದರೆ, ತಾಮ್ರದ ಎಳೆಗಳೊಂದಿಗೆ ಗಟ್ಟಿ ನೂಲನ್ನು ಹೆಣೆದರೆ ಬಾಳಿಕೆ ಹೆಚ್ಚುತ್ತದೆ. ಹೆಚ್ಚು ಬೆಲೆಯ ಕೆಲವು ಜಾತಿಗಳಲ್ಲಿ ತಂತಿಯನ್ನೇ ಕಳಚಿ ಬೇರೆ ಹಾಕಬಹುದು. ಹೀಗಿರಲಾಗಿ ಎಷ್ಟೋ ವಾರಂಟಿ ಚೀಟಿಗಳಲ್ಲಿ, ತಂತಿ ತುಂಡಾದರೆ ಹೊಣೆಯಿಲ್ಲವೆಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಎಲ್ಲಕ್ಕಿಂತ ಮೊದಲು ಕೆಡುವ ಭಾಗವನ್ನೇ ಹೊರಗಿಟ್ಟು ಕೊಡುವ ವಾರಂಟಿಯು ಹಂಚಿಲ್ಲದ ಮನೆಯನ್ನು ಮಳೆಗಾಲಕ್ಕೆ ಬಾಡಿಗೆಗೆ ಕೊಟ್ಟಂತೆಯೇ ಸರಿ.

ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನಿಗೆ ಈ ರೋಗವಿಲ್ಲ. ಅದರ ರೋಗ ಬ್ಯಾಟರಿಯದು. ಲಿಥಿಯಂ ಬ್ಯಾಟರಿಯು ಕೆಲವು ನೂರು ಸಲ ಚಾರ್ಜು ಆದ ಬಳಿಕ ಸತ್ವಗುಂದುತ್ತದೆ. ಕಿವಿಯ ತುಂಡನ್ನು ಅಂಟಿನಿಂದ ಮುಚ್ಚಿರುವುದರಿಂದ ಬ್ಯಾಟರಿಯನ್ನು ಬದಲಿಸುವ ಹಾಗಿಲ್ಲ. ಉಳಿದ ಭಾಗವೆಲ್ಲ ಚೆನ್ನಾಗಿದ್ದರೂ ಬಿಸಾಡಬೇಕು. ಯೂರೋಪ್ ಒಕ್ಕೂಟವು 2023ರಲ್ಲಿ ಮಾಡಿದ ಬ್ಯಾಟರಿ ಕಾಯಿದೆಯು, ಕೆಲವು ವಿನಾಯಿತಿಗಳೊಡನೆ, 2027ರ ಫೆಬ್ರವರಿ 18ರಿಂದ ಇಂಥ ಬ್ಯಾಟರಿಗಳನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕೆಂದು ವಿಧಿಸಿದೆ. ನಮ್ಮ ದೇಶದಲ್ಲಿಯೂ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು, ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು.

ಬಾಳಿಕೆಯೆಂಬುದು ಬೆಲೆಯ ಒಂದು ಪಾಲು. ಇದಕ್ಕೆ ಇತಿಹಾಸದಲ್ಲಿ ಒಳ್ಳೆಯ ಉದಾಹರಣೆಯುಂಟು. 1924ರಲ್ಲಿ ಹಲವು ದೇಶಗಳ ವಿದ್ಯುದ್ದೀಪದ ಕಂಪೆನಿಗಳು ಜಿನೀವಾ ನಗರದಲ್ಲಿ ಫೀಬಸ್ ಎಂಬ ಕೂಟವನ್ನು ಕಟ್ಟಿಕೊಂಡು, ಬಲ್ಬಿನ ಆಯುಸ್ಸನ್ನು 1000 ಗಂಟೆಗೆ ಇಳಿಸಿದುವು. ಹೆಚ್ಚು ಕಾಲ ಉರಿಯುವ ಬಲ್ಬು ಮಾಡಿದ ಸದಸ್ಯರಿಗೆ ದಂಡವನ್ನೂ ಗೊತ್ತುಮಾಡಿದುವು. ಎಲ್ಲ ತಯಾರಕರೂ ಹಾಗೆ ಮಾಡುವರೆಂದು ನಾವು ಹೇಳುವುದಿಲ್ಲ. ಕೊಳ್ಳುವವರು ಕಣ್ಣು ಮುಚ್ಚಿಕೊಂಡಿದ್ದರೆ ಮಾರುವವರಿಗೆ ಗಟ್ಟಿ ವಸ್ತುವನ್ನು ಮಾಡುವ ಅಗತ್ಯವೇ ಉಳಿಯುವುದಿಲ್ಲವೆಂಬುದಷ್ಟೇ ನಮ್ಮ ಅಭಿಪ್ರಾಯ.

ಇನ್ನು ಕಾಯಿದೆಯ ಮಾತು. 1930ರ ಸರಕು ಮಾರಾಟ ಕಾಯಿದೆಯು, ಮಾರಿದ ಸರಕು ಮಾರಾಟಕ್ಕೆ ಯೋಗ್ಯವಾದ ಗುಣವುಳ್ಳದ್ದಾಗಿರಬೇಕೆಂಬ ತತ್ವವನ್ನು ಆಗಲೇ ಒಪ್ಪಿಕೊಂಡಿತ್ತು. ಆದರೆ ಅಲ್ಪ ಮೊತ್ತಕ್ಕಾಗಿ ಸಿವಿಲ್ ಕೋರ್ಟಿನ ಮೆಟ್ಟಿಲೇರುವವರು ಯಾರು? 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಇಂಥವರಿಗಾಗಿಯೇ ಬೇರೆ ನ್ಯಾಯಸ್ಥಾನಗಳನ್ನು ಏರ್ಪಡಿಸಿತು. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆಯು 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಇದರಲ್ಲಿ ಹೆತ್ತವರು ಗಮನಿಸಬೇಕಾದ ಒಂದು ವಿಶೇಷವುಂಟು. ಹಣ ಕೊಟ್ಟವರು ಮಾತ್ರವಲ್ಲ, ಅವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಗ್ರಾಹಕರೇ. ತಾಯಿ ಕೊಂಡ ಇಯರ್‌ಫೋನನ್ನು ಕಿವಿಗಿಟ್ಟ ಮಗಳು ಕಾಯಿದೆಯ ದೃಷ್ಟಿಯಲ್ಲಿ ಹಕ್ಕುಳ್ಳವಳು. ಅವಳು ಅಪ್ರಾಪ್ತ ವಯಸ್ಸಿನವಳಾದರೆ ಹೆತ್ತವರು ಅವಳ ಪರವಾಗಿ ದೂರು ಕೊಡಬಹುದು.

ಬಿಲ್ಲನ್ನು ಕೊಡದಿರುವುದು ಈ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದೂ ಹಾಗೆಯೇ. ಆನ್‌ಲೈನಿನಲ್ಲಿ ಮಾರುವವರಿಗೆ 2020ರ ನಿಯಮಗಳು ಅನ್ವಯಿಸುತ್ತವೆ; ಅವರ ದೂರು ಅಧಿಕಾರಿಯು 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು.

ಮೇಲೆ ಹೇಳಿದ ಹುಡುಗಿಯ ಸಂಗತಿಯನ್ನು, ಆಕೆಯ ಹಾಗೂ ತಾಯಿಯ ಒಪ್ಪಿಗೆ ಪಡೆದು, ನಾವು ಕನ್ನಡದ ಪತ್ರಲೇಖನ ಪಾಠಕ್ಕೆ ತೆಗೆದುಕೊಂಡೆವು. ರಜೆಯ ಚೀಟಿಯನ್ನೂ ಗೆಳತಿಗೆ ಪ್ರವಾಸದ ವರ್ಣನೆಯನ್ನೂ ಬರೆದು ಬೇಸತ್ತಿದ್ದ ಮಕ್ಕಳು, ನಿಜವಾಗಿ ಅಂಚೆಗೆ ಹೋಗುವ ಪತ್ರವೆಂದೊಡನೆ ಎಚ್ಚರಗೊಂಡರು. ಮೊದಲನೆಯ ಕರಡಿನಲ್ಲಿ ಸಿಟ್ಟು ತುಂಬಿತ್ತು. ಎರಡನೆಯದರಲ್ಲಿ ದೈನ್ಯ ತುಂಬಿತ್ತು. ಮೂರನೆಯದರಲ್ಲಿ ಎರಡನ್ನೂ ತೆಗೆದುಹಾಕಿ, ಕೊಂಡ ತಾರೀಕು, ತೆತ್ತ ಬೆಲೆ, ಪೆಟ್ಟಿಗೆಯ ಮೇಲಿನ ವಾರಂಟಿಯ ಮಾತು, ಕೆಟ್ಟ ದಿನ, ಮಾಡಿದ ಪರೀಕ್ಷೆ, ಅಂಗಡಿಯವರು ಕೊಟ್ಟ ಉತ್ತರ, ತಮಗೆ ಬೇಕಾದ ಪರಿಹಾರ, ಉತ್ತರಕ್ಕೆ 15 ದಿನಗಳ ಗಡುವು, ಇಷ್ಟನ್ನೇ ಬರೆದರು. ಬಿಲ್ಲಿಲ್ಲದಿದ್ದರೂ ಪೆಟ್ಟಿಗೆಯ ಮೇಲೆ ಅಂಗಡಿಯ ಮೊಹರೂ ತಾರೀಕೂ ಇದ್ದುವು; ಅದರ ಚಿತ್ರವನ್ನು ಜೊತೆಗಿಟ್ಟರು. ತಾಯಿ ರುಜು ಹಾಕಿದರು. ಪತ್ರದ ಒಂದು ಪ್ರತಿ ಅಂಗಡಿಗೂ ಇನ್ನೊಂದು ಪೆಟ್ಟಿಗೆಯ ಮೇಲಿದ್ದ ಕಂಪೆನಿಯ ವಿಳಾಸಕ್ಕೂ ಹೋಯಿತು.

ಹನ್ನೆರಡನೆಯ ದಿನ ಹೊಸ ಇಯರ್‌ಫೋನು ಬಂತು. ತರಗತಿಯ ಸಂತೋಷವನ್ನು ಹೇಳತೀರದು. ಆದರೆ ಅದು ಸಹ ನಾಲ್ಕು ತಿಂಗಳಿಗೆ ಅದೇ ಕುತ್ತಿಗೆಯಲ್ಲಿ ಮುರಿಯಿತು. ಎರಡನೆಯ ಪತ್ರವನ್ನು ಆ ಹುಡುಗಿ ನಮ್ಮ ಸಹಾಯವನ್ನು ಕೇಳದೆ ಒಬ್ಬಳೇ ಬರೆದಳು. ಈ ಸಲ ವಸ್ತು ಬೇಡ, ಹಣ ಬೇಕೆಂದು ಸ್ಪಷ್ಟವಾಗಿ ತಿಳಿಸಿದಳು. ಮೂರು ವಾರಗಳ ಮೇಲೆ 450 ರೂಪಾಯಿ ಹಿಂದಿರುಗಿತು. ನಷ್ಟಪರಿಹಾರವಾಗಿ ಒಂದು ಕಾಸೂ ಸೇರಿರಲಿಲ್ಲ. ಹೋದ ಪಾಠಗಳಿಗೆ ಯಾರೂ ಲೆಕ್ಕ ಕೊಡಲಿಲ್ಲ. ಆದರೂ ಆ ಎರಡನೆಯ ಪತ್ರವನ್ನು ನಾವು ಆಕೆಯ ಪರೀಕ್ಷೆಯ ಅಂಕಗಳಿಗಿಂತ ಹೆಚ್ಚೆಂದು ಎಣಿಸುತ್ತೇವೆ.

ಪತ್ರಕ್ಕೆ ಉತ್ತರವೇ ಬಾರದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅದರಿಂದಲೂ ಕೆಲಸವಾಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವುಂಟು. ತೆತ್ತ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ನೇಮಿಸಲೇಬೇಕೆಂದಿಲ್ಲ, ಮಾರಿದವರ ಊರಿಗೆ ಅಲೆಯದೆ ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಾರಣ ಉಂಟಾದಂದಿನಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ದೋಷದ ನಿವಾರಣೆ, ಬದಲು ವಸ್ತು, ಹಣದ ಮರುಪಾವತಿ, ನಷ್ಟಪರಿಹಾರ, ಇವುಗಳಲ್ಲಿ ಯುಕ್ತವಾದುದನ್ನು ಆಯೋಗವು ಕೊಡಿಸಬಲ್ಲದು. ವಸ್ತುವಿನ ಪರೀಕ್ಷೆ ಬೇಡವಾದಲ್ಲಿ, ಎದುರು ಪಕ್ಷಕ್ಕೆ ನೋಟೀಸು ತಲುಪಿದ ಮೂರು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದೂ ಉಂಟೆಂದು ತಿಳಿದೇ ಹೊರಡುವುದು ಲೇಸು.

ಹಕ್ಕಿನ ಮಾತು ಹೇಳಿದ ಮೇಲೆ ಕರ್ತವ್ಯದ ಮಾತನ್ನು ಬಿಡಲಾಗದು. ಇಯರ್‌ಫೋನನ್ನು ಕೀಳುವಾಗ ತಂತಿಯನ್ನು ಹಿಡಿದೆಳೆಯದೆ ಪಿನ್ನನ್ನು ಹಿಡಿಯಬೇಕು. ಫೋನಿಗೆ ಬಿಗಿಯಾಗಿ ಸುತ್ತದೆ ಸಡಿಲವಾಗಿ ಮಡಿಸಿಡಬೇಕು. ಒಂದು ಕಿವಿ ಕೆಟ್ಟಿತೆಂದು ಇನ್ನೊಂದರಲ್ಲಿ ಧ್ವನಿಯನ್ನು ಏರಿಸಿ ಕೇಳಬಾರದು. ವಸ್ತುವಿಗೆ ಬದಲುಂಟು, ಕಿವಿಗೆ ಇಲ್ಲ. ಮನೆಯ ನಾಯಿಮರಿ ಕಚ್ಚಿದ ತಂತಿಯನ್ನು ತಾನಾಗಿಯೇ ತುಂಡಾಯಿತೆಂದು ಹೇಳಿ ಹೊಸದನ್ನು ಪಡೆಯುವುದು ಕಳ್ಳತನವಲ್ಲದೆ ಹಕ್ಕಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅಂಗಡಿ ನಡೆಸುವವರೂ ಇದ್ದಾರೆ. ಅವರಲ್ಲಿ ನಮ್ಮದೊಂದು ಬಿನ್ನಹ. ಹಿಂದಕ್ಕೆ ತಂದ ವಸ್ತುವನ್ನು ಕಂಡೊಡನೆ ಮುಖ ತಿರುಗಿಸದೆ, ಒಮ್ಮೆ ಫೋನಿಗೆ ಹಾಕಿ ಪರೀಕ್ಷಿಸಿರಿ. ಕೇಳದಿದ್ದರೂ ಬಿಲ್ಲು ಕೊಡಿರಿ. ಅಂಗಡಿಯ ಹೆಸರು ಉಳಿಯುವುದು ಇಂಥ ನಡತೆಯಿಂದಲೇ.

ತಾಯಂದಿರಿಗೆ ಹೇಳುವುದಿಷ್ಟೆ: ಮನೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಬಿಲ್ಲುಗಳಿಗೆಂದೇ ಇಡಿರಿ, ಅದರ ಮೇಲ್ವಿಚಾರಣೆಯನ್ನು ಮಗಳಿಗೆ ಒಪ್ಪಿಸಿರಿ. ಮುಂದಿನ ಸಲ ಪೇಟೆಗೆ ಹೋದಾಗ ಬಿಲ್ಲು ಕೇಳುವ ಕೆಲಸ ಅವಳದಾಗಲಿ. ಅವಳು ವಿನಯದಿಂದ ಕೇಳಲಿ, ಆದರೆ ಕೇಳದೆ ಬರದಿರಲಿ.