ಚಪ್ಪಲಿ ಜಾರಿದ್ದು ಗೊತ್ತಾಗಲಿಲ್ಲ

ಬೆಳಗ್ಗೆ ಹತ್ತು ಗಂಟೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ನನ್ನ ಟೋಕನ್ 27, ಒಳಗಿರುವವರದು 19. ಮಡಿಲಲ್ಲಿ ಹಳೇ ರಿಪೋರ್ಟುಗಳ ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕಾಗಿ ಮಡಚಿದ ಒಂದು ಹಾಳೆ. ನಿನ್ನೆ ರಾತ್ರಿ ಶಾಲೆಯ ಮಕ್ಕಳ ನೋಟ್‌ಬುಕ್ ತಿದ್ದಿ ಮುಗಿಸಿದ ಮೇಲೆ ಬರೆದದ್ದು.

ನೀರು ಕುಡಿಯಲೆಂದು ಎದ್ದು ನಾಲ್ಕು ಹೆಜ್ಜೆ ಹೋಗಿದ್ದೇನೆ. ಹಿಂದಿನಿಂದ ಅಜ್ಜಿಯೊಬ್ಬರು ಕೂಗುತ್ತಾರೆ, “ಚಪ್ಲಿ ಇಲ್ಲೇ ಬಿಟ್ಯಲ್ಲಮ್ಮ!” ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ಬೆಂಚಿನ ಹತ್ತಿರವೇ ಬಿದ್ದಿದೆ. ಬರಿಗಾಲಲ್ಲಿ ನಡೆದಿದ್ದೇನೆ, ಪಾದಕ್ಕೆ ಗೊತ್ತೇ ಆಗಿಲ್ಲ.

ವಾಪಸ್ ಕೂತು ಹಾಳೆ ಬಿಡಿಸಿ ಇದನ್ನೂ ಸೇರಿಸುತ್ತೇನೆ. ಈ ವರ್ಷ ಬೇರೊಂದು ಕಡೆ ಮೂರು ಸಲ ತೋರಿಸಿದ್ದೆ. ಮೂರು ಸಲವೂ “ಸುಸ್ತು, ಕಾಲು ಜೋಮು” ಅಂದೆ. ಮೂರು ಸಲವೂ ಒಂದೇ ಉತ್ತರ: ವಯಸ್ಸು, ಟೆನ್ಷನ್, ಚೆನ್ನಾಗಿ ನಿದ್ದೆ ಮಾಡಿ. ಸುಸ್ತು ಅನ್ನುವವರು ಈ ಬೆಂಚಿನ ಮೇಲೇ ಹತ್ತು ಜನ ಇದ್ದಾರೆ. ಅದಕ್ಕೇ ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ. ಆರು ತಿಂಗಳಿಂದ ಎರಡೂ ಪಾದ ಜುಮುಜುಮು, ಬೆರಳಿಂದ ಮೇಲಕ್ಕೆ ಹತ್ತುತ್ತಿದೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಮೈ ವಾಲುತ್ತದೆ. ಸಕ್ಕರೆ ಕಾಯಿಲೆಗೆ ಏಳು ವರ್ಷದಿಂದ ಮೆಟ್‌ಫಾರ್ಮಿನ್. ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಐರನ್, ಫೋಲಿಕ್ ಆಸಿಡ್ ಮಾತ್ರೆ ಮೂರು ತಿಂಗಳು ನುಂಗಿದ್ದೇನೆ.

“ಇಪ್ಪತ್ತೇಳು!”

ಡಾಕ್ಟರ್ ಮೇಡಂ ರಿಪೋರ್ಟ್ ತಿರುವುತ್ತಾರೆ. “ಹಿಮೋಗ್ಲೋಬಿನ್ 12.2, ಟಿಎಸ್‌ಎಚ್ 2.8. ಎಲ್ಲಾ ನಾರ್ಮಲ್ ಇದೆಯಲ್ಲಮ್ಮ.” ಅವರ ಕೈ ಆಗಲೇ ಬೆಲ್ಲಿನತ್ತ ಹೋಗಿದೆ. “ಸರಿ ಮೇಡಂ” ಎಂದು ನಾನು ಎದ್ದು ಬರುತ್ತಿದ್ದದ್ದು ಇದೇ ಹೊತ್ತಿಗೆ. ಗಂಟಲು ಒಣಗುತ್ತದೆ. ಏಳುವುದಿಲ್ಲ.

“ಮೇಡಂ, ಎರಡು ನಿಮಿಷ. ಬರ್ಕೊಂಡು ಬಂದಿದ್ದೀನಿ.”

ಓದುತ್ತಾರೆ. ಮೆಟ್‌ಫಾರ್ಮಿನ್ ಎಂಬಲ್ಲಿ ಬೆರಳು ನಿಲ್ಲುತ್ತದೆ.

“ಬಿ12 ಮಾಡಿಸಿಲ್ವಾ?”

“ಇಲ್ಲ ಮೇಡಂ. ಮಾಡಿಸಿದ್ದೆಲ್ಲ ನಾರ್ಮಲ್. ಅದನ್ನ ಮಾಡಿಸೇ ಇಲ್ಲ. ಅದನ್ನೇ ಕೇಳೋಣ ಅಂತ ಬಂದೆ.”

ಡ್ರಾಯರಿನಿಂದ ಶ್ರುತಿಕವೆ ತೆಗೆಯುತ್ತಾರೆ, ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿರುವಂಥದ್ದೇ. ತಟ್ಟಿ, ಮಣಿಕಟ್ಟಿನ ಮೂಳೆಗೆ ಒತ್ತುತ್ತಾರೆ. ಒಳಗೆಲ್ಲೋ ದುಂಬಿ ಗುಂಯ್ಗುಟ್ಟಿದ ಹಾಗೆ. ಮತ್ತೆ ತಟ್ಟಿ ಕಾಲಿನ ಹೆಬ್ಬೆರಳ ಮೇಲೆ ಇಡುತ್ತಾರೆ.

“ಈಗ?”

“ತಣ್ಣಗಿದೆ ಮೇಡಂ. ಅಷ್ಟೇ.”

ಅವರು ಕುರ್ಚಿ ನನ್ನ ಕಡೆಗೆ ಎಳೆದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯಿಂದಲೂ ಪಾದ ಮರಗಟ್ಟುತ್ತದೆ, ಹಾಗಂತ ಬಿ12 ನೋಡದೆ ಬಿಡುವ ಹಾಗಿಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಮೈಗೆ ಹತ್ತುವುದು ಕಡಿಮೆಯಾಗಬಹುದು. ಸಸ್ಯಾಹಾರಿಗಳಿಗೆ ಅದು ಬರುವುದೇ ಹಾಲು ಮೊಸರಿನಿಂದ. ಬಿ12 ಕೊರತೆಯಿದ್ದರೂ ಫೋಲಿಕ್ ಆಸಿಡ್ ರಕ್ತಹೀನತೆಯನ್ನು ಸರಿ ಮಾಡಿಬಿಡಬಹುದು, ಒಳಗೆ ನರ ಸವೆಯುತ್ತಲೇ ಇರುತ್ತದೆ. “ರಕ್ತ ಕೊಡೋವರೆಗೂ ಯಾವ ವಿಟಮಿನ್ನೂ ನುಂಗಬೇಡಿ. ನಂಬರ್ ಏರಿ ಕಾಣಿಸುತ್ತೆ.”

ಮಾರನೇ ದಿನ ಸಂಜೆ ಅದೇ ಕುರ್ಚಿ. ಬಿ12: 142. ಲ್ಯಾಬಿನವರು ಪಕ್ಕದಲ್ಲೇ ಅಚ್ಚು ಹಾಕಿದ್ದಾರೆ, 200ಕ್ಕಿಂತ ಕೆಳಗಿದ್ದರೆ ಕೊರತೆ. ಕಣ್ಣು ತುಂಬಿಕೊಳ್ಳುತ್ತದೆ, ಭಯಕ್ಕಲ್ಲ. ನನ್ನ ಪಾದ ಸುಳ್ಳು ಹೇಳಿರಲಿಲ್ಲ.

ಕಣ್ಣೊರೆಸಿಕೊಂಡು ಹಾಳೆಯ ಹಿಂಬದಿ ತಿರುಗಿಸುತ್ತೇನೆ. ಇಂಜೆಕ್ಷನ್ ಎಷ್ಟು ದಿನಕ್ಕೊಮ್ಮೆ? “ಮೊದಲು ದಿನ ಬಿಟ್ಟು ದಿನ, ಆಮೇಲೆ ನೋಡೋಣ.” ಮೆಟ್‌ಫಾರ್ಮಿನ್ ಬಿಡಲಾ? “ನೀವಾಗೇ ಬಿಡಬೇಡಿ.” ಮತ್ತೆ ಯಾವಾಗ ಪರೀಕ್ಷೆ? “ಮೂರು ತಿಂಗಳಿಗೆ.” ಪಾದ ಪೂರ್ತಿ ಸರಿಹೋಗುತ್ತಾ? ಅವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. “ನರಕ್ಕೆ ತಿಂಗಳುಗಳು ಬೇಕು. ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು.” ಎಲ್ಲವನ್ನೂ ಅವರ ಎದುರಿಗೇ ಬರೆದುಕೊಳ್ಳುತ್ತೇನೆ.

ರಾತ್ರಿ ಬಚ್ಚಲುಮನೆ. ಮುಖದ ತುಂಬ ಸೋಪು, ಕಣ್ಣು ಮುಚ್ಚಿದೆ. ಎಡಗೈ ಇವತ್ತೂ ಗೋಡೆಯ ಮೇಲಿದೆ. ಅದನ್ನು ತೆಗೆದು ನಿಂತ ದಿನ, ತಾರೀಖು ಹಾಕಿ ಆ ಹಾಳೆಯಲ್ಲೇ ಬರೆಯುತ್ತೇನೆ.