ಅಟ್ಟಕ್ಕುಂಟು, ಲೆಕ್ಕಕ್ಕಿಲ್ಲ

ಇವತ್ತಿನ ವಿಷಯ ಸ್ವಲ್ಪ ಒಣ. ಸರ್ಕಾರದ ಕೃಷಿ ಅಂಕಿಅಂಶ! ಹೆಸರು ಕೇಳಿ ಓಡಿಹೋಗಬೇಡಿ. ಒಣಗಿದ ಮೇಲೇ ಬೆಲೆ ಬರುವ ಕೊಬ್ಬರಿ ಸೀಮೆಯವನು ನಾನು :)

ನಮ್ಮದು ಬೋರನಕಣಿವೆ ಕಡೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸುವರ್ಣಮುಖಿ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯ ಇದೆಯಲ್ಲ, ಅಲ್ಲಿ. ಈಗೀಗ ಎಳನೀರಿಗೆ ಕೊಡುವವರು ಹೆಚ್ಚಿದ್ದಾರೆ. ಆದರೂ ಕಾಯಿ ಕೆಡವಿ ಅಟ್ಟಕ್ಕೆ ಏರಿಸುವುದೇ ಇಲ್ಲಿಯ ವಾಡಿಕೆ. ಹತ್ತು-ಹನ್ನೊಂದು ತಿಂಗಳು ಕಳೆದು, ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಅಲ್ಲಾಡುವ ಸದ್ದು ಬಂದ ಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆದು ತಿಪಟೂರಿಗೆ ಸಾಗಿಸುತ್ತೇವೆ.

ಅಂದರೆ ಈಗ ಮಾರುಕಟ್ಟೆಗೆ ಬರುತ್ತಿರುವುದು ಹೋದ ವರ್ಷದ ಕಾಯಿ. ಮುಂದಿನ ವರ್ಷ ಎಷ್ಟು ಬರುತ್ತದೆ ಅನ್ನುವುದು ಇವತ್ತಿನ ಅಟ್ಟಗಳಲ್ಲಿ ಕೂತಿದೆ. ಆದರೆ ಪ್ರಕಟವಾಗುವ ಪಟ್ಟಿಗಳಲ್ಲಿ ಏನಿರುತ್ತದೆ? ವಿಸ್ತೀರ್ಣ ಹೆಕ್ಟೇರಿನಲ್ಲಿ. ಉತ್ಪಾದನೆ ಒಂದು ಕಡೆ ಕಾಯಿಯ ಎಣಿಕೆಯಲ್ಲಿ, ಇನ್ನೊಂದು ಕಡೆ ಟನ್ನಿನಲ್ಲಿ. ಅಟ್ಟದ ಸುದ್ದಿಯೇ ಇಲ್ಲ. ಹೇಮಾವತಿ ನಾಲೆ ನೀರು ಕಂಡ ತುರುವೇಕೆರೆಯ ತೋಟವೂ, ಬೋರ್‌ವೆಲ್ ಬತ್ತಿ ಸುಳಿ ಒಣಗಿದ ನಮ್ಮ ಕಡೆಯ ತೋಟವೂ ಎಷ್ಟೋ ಪಟ್ಟಿಗಳಲ್ಲಿ 'ತುಮಕೂರು' ಅನ್ನುವ ಒಂದೇ ಸಾಲು. 'ಜಿಲ್ಲಾ ಅಂಕಿಅಂಶಗಳ ನೋಟ' ಪುಸ್ತಕದಲ್ಲಿ ತಾಲ್ಲೂಕುವಾರು ಲೆಕ್ಕ ಸಿಗುತ್ತದೆ, ನಿಜ. ಅದು ಕೈಗೆ ಬರುವಷ್ಟರಲ್ಲಿ ಆ ಕಾಯಿ ಕೊಬ್ಬರಿಯಾಗಿ, ಮಾರಿ, ದುಡ್ಡೂ ಖರ್ಚಾಗಿರುತ್ತದೆ!

ಮೊನ್ನೆ ಚಿಕ್ಕಪ್ಪನಿಗೆ ಮೊಬೈಲಿನಲ್ಲಿ ಇಂಥದ್ದೊಂದು ಪಟ್ಟಿ ತೋರಿಸಿದೆ. "ಹೆಕ್ಟೇರು ಅಂದ್ರೆ ಎಷ್ಟು ಮರ ಕಣೋ?" ಅಂದರು. ಹೇಳಿದೆ. "ಅದ್ರಾಗೆ ಬದುಕಿರಾವು ಎಷ್ಟು, ಒಣಗಿರಾವು ಎಷ್ಟು? ಅಟ್ಟದ ಮ್ಯಾಲೆ ಎಷ್ಟು ಸಾವ್ರ ಅವೆ? ನಂಗೆ ಬೇಕಾಗಿರಾದು ಅದು. ಯಾವತ್ತಾರ ನನ್ನ ಕೇಳವ್ರಾ?"

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

2023ನ್ನು ನೆನೆಸಿಕೊಳ್ಳಿ. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ತಿಪಟೂರಿನಲ್ಲಿ ನಡೆಯುತ್ತಿದ್ದದ್ದು 8,000ದ ಆಸುಪಾಸು. ಸಾಲ, ಮದುವೆ, ಶಾಲೆ ಫೀಸು ಅಂತ ಎಷ್ಟೋ ಜನ ಸಿಕ್ಕಿದ ಬೆಲೆಗೆ ಕೊಟ್ಟರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಅಂಕಿಅಂಶ ಚೆನ್ನಾಗಿದ್ದಿದ್ದರೆ ಬೆಲೆ ಬೀಳುತ್ತಲೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಇಟ್ಟುಕೊಳ್ಳಲೋ ಕೊಟ್ಟುಬಿಡಲೋ ಅಂತ ಯೋಚಿಸುವವನಿಗೆ ವ್ಯಾಪಾರಿಯ ಮಾತಲ್ಲದೆ ಇನ್ನೊಂದು ಆಧಾರ ಇರಬೇಕಲ್ಲವೇ? ಊರೂರು ತಿರುಗುವ ದಲ್ಲಾಳಿಗೆ ಯಾರ ಅಟ್ಟದಲ್ಲಿ ಎಷ್ಟಿದೆ ಅನ್ನುವ ಅಂದಾಜು ಇದ್ದೇ ಇದೆ. ಬೆಳೆದವನಿಗೆ ತನ್ನ ಅಟ್ಟ ಒಂದೇ ಗೊತ್ತು.

ಏನೂ ಆಗಿಲ್ಲ ಅಂತಲ್ಲ. 2020ರಿಂದ ಬೆಳೆ ಸಮೀಕ್ಷೆಯಲ್ಲಿ ರೈತರೇ ಫೋಟೊ ತೆಗೆದು ಹಾಕುವ ಅವಕಾಶ ಬಂತು. 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ನಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ ನೋಡಿ ಆಕ್ಷೇಪಣೆ ಹಾಕಬಹುದು. ಇದು ಸಣ್ಣ ಮಾತಲ್ಲ. ತೆಂಗಿನ ಸಾಲಿನ ಮಧ್ಯೆ ಬಿತ್ತಿದ ರಾಗಿಯೊಂದೇ ದಾಖಲೆಗೆ ಹೋದರೆ ಬೆಂಬಲ ಬೆಲೆ ಕೇಂದ್ರದಲ್ಲಿ ಕಷ್ಟವಾಗುತ್ತದೆ. ಆದರೆ ಅದು ನನ್ನ ಹೊಲದ ತಪ್ಪು ತಿದ್ದುವ ಹಕ್ಕು ಅಷ್ಟೇ. ಎಲ್ಲರ ಹೊಲ ಕೂಡಿ ಬಂದ ಮೊತ್ತವನ್ನು ಯಾವಾಗ, ಯಾವ ಅಳತೆಯಲ್ಲಿ, ಯಾವ ಭಾಷೆಯಲ್ಲಿ ಪ್ರಕಟಿಸಬೇಕು ಅಂತ ಹೇಳುವುದಕ್ಕೆ ಅಲ್ಲಿ ಜಾಗವಿಲ್ಲ.

ಹಾಗೆ ಕೇಳುವ ಪದ್ಧತಿ ಲೋಕದಲ್ಲಿ ಇಲ್ಲದ್ದೇನಲ್ಲ. ಅಮೆರಿಕದ ಕೃಷಿ ಇಲಾಖೆಯ ಅಂಕಿಅಂಶ ಸಂಸ್ಥೆ ಅಂಕಿ ಬಳಸುವವರ ಸಭೆಯನ್ನೇ ವರ್ಷವರ್ಷ ನಡೆಸುತ್ತಾ ಬಂದಿದೆ. ನಮ್ಮ ಕೇಂದ್ರ ಅಂಕಿಅಂಶ ಸಚಿವಾಲಯವೂ ಜಿಡಿಪಿಯ ಹೊಸ ಸರಣಿ ಹೊರಡಿಸುವ ಮುಂಚೆ, 2025ರ ಕೊನೆಯಲ್ಲಿ, ಮುಂಬೈ ಮತ್ತು ದೆಹಲಿಯಲ್ಲಿ ಬಳಕೆದಾರರನ್ನು ಕರೆದು ಸಮಾಲೋಚನೆ ಮಾಡಿತು. ಅಂಥದ್ದೇ ಒಂದು ಸಭೆ ಹರಾಜಿನ ದಿನ ತಿಪಟೂರು ಎಪಿಎಂಸಿ ಯಾರ್ಡಿನಲ್ಲಿ ಯಾಕಾಗಬಾರದು?

ಅಲ್ಲಿ ಕೇಳಬೇಕಾದ್ದು ಹೆಚ್ಚಿಲ್ಲ. ಹೋಬಳಿವಾರು ಫಸಲು ಕೊಡುವ ಮರಗಳ ಲೆಕ್ಕ. ಮೂರು ತಿಂಗಳಿಗೊಮ್ಮೆ ಒಂದಷ್ಟು ಮನೆಗಳನ್ನು ಆರಿಸಿ ನೋಡಿ, ಅಟ್ಟದ ಕಾಯಿಯ ಅಂದಾಜು. ಇಂಥ ತಾರೀಖಿಗೆ ಬರುತ್ತದೆ ಅಂತ ಮೊದಲೇ ಹೇಳುವುದು. ಎಲ್ಲವೂ ಕನ್ನಡದಲ್ಲಿ.

ಇದನ್ನು ಹೇಳಿದಾಗ ಚಿಕ್ಕಪ್ಪ ಒಪ್ಪಿಬಿಡುತ್ತಾರೆ ಅಂದುಕೊಂಡಿರಾ? "ನನ್ ಅಟ್ಟ ಯಾಕೋ ತೋರಿಸ್ಲಿ? ಜಾಸ್ತಿ ಐತೆ ಅಂತ ಗೊತ್ತಾದ್ರೆ ರೇಟು ಇಳಿಸಾಕಿಲ್ವಾ?" ಅಂದರು. ಅದೂ ನ್ಯಾಯವಾದ ಮಾತೇ. ಹೆಸರಿಲ್ಲದೆ, ಹೋಬಳಿಯ ಒಟ್ಟು ಲೆಕ್ಕ ಮಾತ್ರ ಹೊರಗೆ ಬಂದರೆ ಸಾಕು ಅಂತ ನನ್ನ ವಾದ. ಅವರಿಗೆ ಇನ್ನೂ ಪೂರ್ತಿ ನಂಬಿಕೆ ಇಲ್ಲ. ಈ ಜಗಳ ಮನೆ ಜಗುಲಿಯ ಮೇಲೆ ನಮ್ಮಿಬ್ಬರ ನಡುವೆ ತೀರುವಂಥದ್ದಲ್ಲ. ಅಂಕಿಅಂಶ ಇಲಾಖೆಯವರು ಅಟ್ಟದ ಯಜಮಾನರ ಎದುರು ಕೂತು ಕೇಳಿ ತೀರಿಸಿಕೊಳ್ಳಬೇಕಾದದ್ದು.